ಕೊನೆಯ ಹೊರೆಯ ಕೂಗು

ಅರ್ಮೀದಾಳ ಬಾಯಿಗೆ ಹೆದರದವರು ನಮ್ಮ ಐದೂರ ಸೀಮೆಯಲ್ಲಿ ಯಾರೂ ಇರಲಿಲ್ಲ. ಮೀನು ಮಾರುವವನು, ಸಹಕಾರಿ ಸಂಘದಲ್ಲಿ ದ್ರಾಕ್ಷಿ ತೂಗುವವನು, ಕೊನೆಗೆ ಪಾದ್ರಿ ಕೂಡ ಅವಳು ಗಲ್ಲಿಯ ತಿರುವಿನಲ್ಲಿ ಕಂಡರೆ ತಾವೇ ಮೊದಲು ಮಾತಾಡಿಸಿ ದಾರಿ ಬಿಡುತ್ತಿದ್ದರು. ಅಂಥವಳ ಬಾಯಿ ಒಂದು ದಿನ ಕಟ್ಟಿಹೋಯಿತು. ಅದು ಹೇಗೆ ಕಟ್ಟಿತೆಂದು ಹೇಳಲು ಹೊರಟರೆ ನಮ್ಮೂರಿನವರು ಇವತ್ತಿಗೂ ಮಾತನ್ನು ಅರ್ಧಕ್ಕೇ ಬಿಟ್ಟು ಸಮುದ್ರದ ಕಡೆ ನೋಡುತ್ತಾರೆ.

ಅವಳು ಹುಟ್ಟಿದ್ದು, ಬೆಳೆದದ್ದು, ಬೈದದ್ದು, ಬಾಳಿದ್ದು ಎಲ್ಲ ಈ ಗುಡ್ಡದ ಮೇಲೇ. ಇಟಲಿಯ ಲಿಗೂರಿಯದ ಈ ಕರಾವಳಿಯಲ್ಲಿ ಸಮತಟ್ಟಾದದ್ದು ಅಂದರೆ ಸಮುದ್ರ ಒಂದೇ. ಉಳಿದದ್ದನ್ನೆಲ್ಲ ನಮ್ಮ ಹಿರಿಯರು ಕಲ್ಲಿನ ಮೇಲೆ ಕಲ್ಲಿಟ್ಟು, ಚೂರೂ ಗಾರೆಯಿಲ್ಲದೆ ಗೋಡೆ ಎಬ್ಬಿಸಿ, ಹಿಂದೆ ಮಣ್ಣು ತುಂಬಿ, ಮಂಚದಗಲದ ಪಟ್ಟಿಗಳನ್ನಾಗಿ ಮಾಡಿಕೊಂಡರು. ಗಂಡಸರು ವಾರವೆಲ್ಲ ಲಾ ಸ್ಪೆಜಿಯಾದ ಹಡಗುಕಟ್ಟೆಗೆ ಕೂಲಿಗೆ ಹೋಗುವವರು, ಭಾನುವಾರ ಗುಡ್ಡ ಹತ್ತುವವರು. ಉಳಿದ ದಿನಗಳಲ್ಲಿ ಗುಡ್ಡ ಹೆಂಗಸರ ಪಾಲು. ನೆತ್ತಿಯ ಮೇಲೆ ಸಿಂಬಿ, ಸಿಂಬಿಯ ಮೇಲೆ ದ್ರಾಕ್ಷಿಯ ಬುಟ್ಟಿ, ಕಾಲಡಿಗೆ ಏಣಿಯಂತೆ ಕಡಿದಾದ ಕಲ್ಲುಮೆಟ್ಟಿಲು. ಅರ್ಮೀದಾ ಶಾಲೆ ಬಿಟ್ಟ ವರ್ಷದಿಂದ ಹೊತ್ತಳು. ಬಸಿರಿಯಾಗಿದ್ದಾಗಲೂ ಹೊತ್ತಳು. ಹೊತ್ತು ಹೊತ್ತು ಅವಳ ನಡುನೆತ್ತಿಯ ಕೂದಲೆಲ್ಲ ಸವೆದುಹೋಗಿತ್ತು. ಅದನ್ನು ಮುಚ್ಚಲು ಮದುವೆಯ ದಿನವೂ ತಲೆಗೆ ವಸ್ತ್ರ ಕಟ್ಟಿಕೊಂಡಿದ್ದಳು.

ಕಟ್ಟಿಕೊಂಡ ಗಂಡನಿಗೆ ಬಾಚೀಚ ಎಂದು ಹೆಸರು. ಪಕ್ಕದೂರಿನ ಬೆಸ್ತರ ಮನೆಯವನು, ಅಂಗೈಯಗಲ ನೆಲವಿಲ್ಲದವನು, ಮನೆಯಳಿಯನಾಗಿ ಬಂದ. ಬೆಸ್ತರ ಹುಡುಗ ಗುಡ್ಡದಲ್ಲಿ ಏನು ಕಿಸಿದಾನು ಎಂದು ಊರೆಲ್ಲ ನಕ್ಕಿತು. ಅವನೋ, ಬಂದ ವರ್ಷವೇ ಮಾವನಿಂದ ಗೋಡೆ ಕಟ್ಟುವುದನ್ನು ಕಲಿತ. ಮಾವ ಸತ್ತ ಮೇಲೆ ಎಲ್ಲಕ್ಕಿಂತ ಮೇಲಿನ ಪಟ್ಟಿಗಳನ್ನು, ಬಿಸಿಲು ಹೆಚ್ಚು ಬೀಳುವ ಆ ಕಡಿದಾದ ತುದಿಯನ್ನು, ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಗುಡ್ಡ ಅವಳದು, ಗುಡ್ಡದ ಹುಚ್ಚು ಅವನದು. ಅವಳಿಗೆ ಆ ಗುಡ್ಡವೆಂದರೆ ಕುತ್ತಿಗೆ ನೋವು. ಎಲ್ಲರೆದುರಿಗೂ ಹಾಗೆಂದೇ ಹೇಳುತ್ತಿದ್ದಳು.

"ನನ್ ಗಂಡನಿಗೆ ಇಬ್ಬರು ಹೆಂಡ್ತೀರು ಕಣೆ," ಅನ್ನುವಳು ಗೆಳತಿ ತಿಲ್ದೆಗೆ. "ಮೇಲಿರೋಳು ಮೊದಲ್ನೇವ್ಳು. ನಾನು ಬರೀ ಅಡುಗೆಯವ್ಳು."

ಬಾಚೀಚ ಕೇಳಿಸಿಕೊಂಡು ನಗುತ್ತಿದ್ದ. ಅವನು ಮಾತು ಕಡಿಮೆಯ ಆಸಾಮಿ. ಮನೆಯಲ್ಲಿ ಒಬ್ಬರು ಮಾತಾಡಿದರೆ ಸಾಕು ಎಂದು ಮದುವೆಯಾದ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದನೋ ಏನೋ.

ಆಮೇಲೆ ಒಂಟಿಹಳಿಯ ಬಂಡಿ ಬಂತು. ಗುಡ್ಡದ ಬುಡದಿಂದ ತುದಿಯವರೆಗೆ ಹಲ್ಲುಹಲ್ಲಿನ ಒಂದೇ ಕಬ್ಬಿಣದ ಹಳಿ, ಅದರ ಮೇಲೆ ಪುಟ್ಟ ಮೋಟಾರು, ಹಿಂದೆ ದ್ರಾಕ್ಷಿಯ ಡಬ್ಬಗಳನ್ನಿಡುವ ತೊಟ್ಟಿಲು. ಮೇಲೆ ತುಂಬಿ ಬಿಟ್ಟರೆ ಗುರುಗುಡುತ್ತ ತಾನಾಗಿ ಇಳಿದು, ಕೆಳಗಿನ ತಡೆಗೆ ತಾಗಿದೊಡನೆ ನಿಲ್ಲುತ್ತದೆ. ಅದು ಮೊದಲ ಸಲ ಇಳಿದು ಬಂದ ದಿನ ಅರ್ಮೀದಾ ಸಿಂಬಿಯನ್ನು ಒಲೆಗೆ ಹಾಕಿ ಸುಟ್ಟಳು. ಅವಳ ಬಾಳಿನಲ್ಲಿ ಅಷ್ಟು ಖುಷಿಯ ದಿನ ಇನ್ನೊಂದಿಲ್ಲವೆಂದು ತಿಲ್ದೆ ಹೇಳುತ್ತಾಳೆ.

ಆದರೆ ಬಂಡಿ ಬಂದಷ್ಟೇ ಬೇಗ ಗುಡ್ಡ ಖಾಲಿಯಾಗುತ್ತ ಬಂತು. ರೈಲುಗಟ್ಟಲೆ ಜನ ನಮ್ಮ ಊರು ನೋಡಲು ಬರತೊಡಗಿದರು. ವರ್ಷವಿಡೀ ಮೈಮುರಿದು ಬೆಳೆದ ದ್ರಾಕ್ಷಿಗೆ ಸಹಕಾರಿ ಸಂಘ ಕೊಡುವುದನ್ನು ಸಮುದ್ರ ಕಾಣುವ ಒಂದು ಕೋಣೆ ಬೇಸಿಗೆಯ ಕೆಲವೇ ದಿನಗಳಲ್ಲಿ ತಂದುಕೊಡುತ್ತದೆ. ಹೀಗಿದ್ದ ಮೇಲೆ ಯಾರು ಗೋಡೆ ಕಟ್ಟುತ್ತಾರೆ? ಒಬ್ಬೊಬ್ಬರೇ ಕೈಬಿಟ್ಟರು. ಬಿಟ್ಟ ಪಟ್ಟಿಗಳಲ್ಲಿ ಮುಳ್ಳು ಬೆಳೆಯಿತು, ಕಾಡುಹಂದಿ ನುಗ್ಗಿತು, ಮಳೆಗೆ ಕಲ್ಲು ಜಾರಿ ಕೆಳಗಿನವನ ಬಳ್ಳಿಯ ಮೇಲೆ ಬಿತ್ತು. ಜನ ಫೋಟೋ ತೆಗೆಯುವುದು ಈ ದ್ರಾಕ್ಷಿಯ ಮೆಟ್ಟಿಲುಗಳನ್ನೇ. ಕಾಸು ಸಿಗುವುದು ಮಾತ್ರ ಹಾಸಿಗೆ ಹಾಸುವವರಿಗೆ. ಈ ತಮಾಷೆಗೆ ನಗಬೇಕೋ ಅಳಬೇಕೋ ನಮಗಂತೂ ಇನ್ನೂ ಗೊತ್ತಾಗಿಲ್ಲ.

ಅರ್ಮೀದಾಳ ಮಗಳು ಲೊರೆದಾನಾ ಮನೆಯ ಮೇಲಂತಸ್ತನ್ನು ಬಾಡಿಗೆ ಕೋಣೆ ಮಾಡಿ ಸಂಸಾರ ತೂಗಿಸುತ್ತಿದ್ದಳು. ಅವಳಿಗೆ ಗುಡ್ಡದ ಮೇಲೆ ದ್ವೇಷವಿರಲಿಲ್ಲ, ಅಪ್ಪನ ಎದೆಯ ಮೇಲೆ ಭಯವಿತ್ತು. ಬಾಚೀಚನಿಗೆ ಎಪ್ಪತ್ತು ದಾಟಿತ್ತು, ಒಂದು ಸಲ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ಬಂದಿದ್ದ. ಬಂದ ವಾರವೇ ಮತ್ತೆ ತುದಿಯ ಗೋಡೆ ಸರಿಮಾಡಲು ಹತ್ತಿದ. ಹೆಂಡತಿ ಬೈದಳು, ಅತ್ತಳು, ಉಣ್ಣದೆ ಕೂತಳು. ಅವನು ಹೂಂ ಅನ್ನುವನು, ಮರುದಿನ ಬೆಳಗ್ಗೆ ಹತ್ತುವನು.

ಕೊನೆಗೆ ಅರ್ಮೀದಾ ಯಾರೂ ಮಾಡಬಾರದ ಒಂದು ಕೆಲಸ ಮಾಡಿದಳು. ಗಂಡನಿಗೆ ತಿಳಿಯದಂತೆ ಬಂಡಿಯನ್ನು ಕೊರ್ನೀಲಿಯಾ ಊರಿನ ಒಬ್ಬನಿಗೆ ಮಾರಲು ಒಪ್ಪಿಬಿಟ್ಟಳು. ಬಂಡಿಯಿಲ್ಲದೆ ತುದಿಯ ದ್ರಾಕ್ಷಿಯನ್ನು ಇಳಿಸುವವರಾರು? ತಲೆಯ ಮೇಲೆ ಹೊತ್ತ ಹೆಂಗಸರು ಒಂದೋ ಮುದುಕಿಯರಾಗಿದ್ದರು, ಇಲ್ಲವೇ ಮಣ್ಣು ಸೇರಿದ್ದರು. ಬಂಡಿ ಹೋದರೆ ತುದಿಯೂ ಹೋದಂತೆಯೇ. ಕೊಯ್ಲು ಮುಗಿದ ಮೇಲಿನ ಸೋಮವಾರ ಬಂದು ಒಯ್ಯಿ ಎಂದು ಅವನಿಗೆ ಹೇಳಿ ಕಳಿಸಿದಳು. ಗಂಡನಿಗೆ ಹೇಳುವುದನ್ನು ಮಾತ್ರ ಇವತ್ತು ನಾಳೆ ಎಂದು ಮುಂದೂಡುತ್ತ ಬಂದಳು. ಊರಿಗೆಲ್ಲ ಬಾಯಿ ಮಾಡುವವಳಿಗೆ ಆ ಒಂದು ಮಾತಾಡಲು ಧೈರ್ಯ ಸಾಲಲಿಲ್ಲ. ತಿಳಿದರೆ ಅವನು ನಿಂತಲ್ಲೇ ಕುಸಿಯುತ್ತಾನೆಂಬ ದಿಗಿಲು ಅವಳಿಗೆ.

ನಮ್ಮ ಗುಡ್ಡದ ಒಂದು ಗುಣವನ್ನು ಇಲ್ಲಿ ಹೇಳಬೇಕು. ಗಾಳಿ ಸಮುದ್ರದಿಂದ ಮೇಲಕ್ಕೆ ಬೀಸುತ್ತದೆ. ಕೆಳಗೆ ಆಡಿದ ಮಾತು ಮೇಲಿನವರಿಗೆ ಅಕ್ಷರ ಬಿಡದೆ ಕೇಳುತ್ತದೆ. ಮೇಲಿನವರು ಅರಚಿದರೂ ಕೆಳಗೆ ಬರುವುದು ಬರೀ "ಓ" ಎಂಬ ದನಿ, ಮಾತಲ್ಲ. ಅದಕ್ಕೇ ಮೇಲೆ ಕೆಲಸ ಮಾಡುವವರ ವಿಷಯ ಕೆಳಗೆ ನಿಂತು ಯಾರೂ ಆಡಿಕೊಳ್ಳುವುದಿಲ್ಲ. ಇದನ್ನು ನಾವು ತೊಟ್ಟಿಲಲ್ಲೇ ಕಲಿಯುತ್ತೇವೆ. ಕೊಯ್ಲಿನ ಕೊನೆಯ ಹೊರೆ ಇಳಿದ ಮೇಲೆ ತುದಿಯಲ್ಲಿರುವ ಗಂಡಸು ಒಂದು ಕೂಗು ಹಾಕುತ್ತಾನೆ. ಕೆಳಗಿನವರು ಓಗೊಡಬೇಕು. ಅವನು ಎಷ್ಟು ಸಲ ಕೂಗಿದರೂ ಅಷ್ಟು ಸಲ. ಅಲ್ಲಿಗೆ ಆ ವರ್ಷದ ಕೊಯ್ಲು ಮುಗಿಯಿತೆಂದು ಲೆಕ್ಕ.

ಆ ದಿನ ಸೆಪ್ಟೆಂಬರಿನ ಕೊನೆಯ ಶನಿವಾರ. ಬೆಳಗಿನಿಂದ ಬಂಡಿ ಹತ್ತಿ ಇಳಿದು, ಮಧ್ಯಾಹ್ನದ ಹೊತ್ತಿಗೆ ಕೊನೆಯ ಹೊರೆ ಬಂತು. ತುದಿಯ ಪಟ್ಟಿಯ ಆರಿಸಿದ ಗೊಂಚಲುಗಳು, ನೆರಳಲ್ಲಿ ಒಣಗಿಸಿ ಶಕ್ಕೆತ್ರಾ ಎಂಬ ಸಿಹಿ ಮದ್ಯ ಮಾಡಲು ಇಟ್ಟವು. ಬಾಣಂತಿಗೆ ಒಂದು ಗುಟುಕು, ಮದುವೆಗೆ ಒಂದು ಲೋಟ, ಸಾಯುವವರ ತುಟಿಗೆ ಒಂದು ಹನಿ ಎಂದು ನಾವು ಜೋಪಾನ ಮಾಡುವಂಥದು. ಡಬ್ಬದ ಮೇಲೆ ಬಾಚೀಚ ಒಂದು ಹಸಿರು ಬಳ್ಳಿಯ ತುಂಡು ಸಿಕ್ಕಿಸಿದ್ದ. ಅದು ಮುಗಿಯಿತೆಂಬ ಗುರುತು.

ಅಂಗಳದ ಚಪ್ಪರದ ಕೆಳಗೆ ತಿಲ್ದೆ ತಟ್ಟೆ ಇಡುತ್ತಿದ್ದಳು. ವಿಧವೆ, ಅರ್ಮೀದಾಳ ಓರಗೆಯವಳು, ಪ್ರತಿವರ್ಷ ಕೊಯ್ಲಿಗೆ ಬರುವವಳು. ಲೊರೆದಾನಾ ಕಡಲೆಹಿಟ್ಟಿನ ರೊಟ್ಟಿಯನ್ನು ಮುರಿಯುತ್ತಿದ್ದಳು. ಆಲೂಗೆಡ್ಡೆಯ ಮೇಲೆ ಹಾಸಿ ಬೇಯಿಸಿದ ಮೀನು ಹಬೆಯಾಡುತ್ತಿತ್ತು. ಆಗ ಮೇಲಿನಿಂದ ಕೂಗು ಬಂತು.

"ಓ," ಎಂದು ಮೂವರೂ ಓಗೊಟ್ಟರು.

"ಈ ವರ್ಷ ದನಿ ಸಣ್ಣಗಾಗಿದೆ ನಿನ್ ಗಂಡಂದು," ಎಂದಳು ತಿಲ್ದೆ.

"ವಯಸ್ಸಾಯ್ತಲ್ಲೇ. ದನಿ ಒಂದೇ ಅಲ್ಲ, ಎಲ್ಲಾನೂ ಸಣ್ಣಗಾಗಿದೆ," ಎಂದಳು ಅರ್ಮೀದಾ. ತಿಲ್ದೆ ಕೈಯಲ್ಲಿದ್ದ ತಟ್ಟೆ ಅಲುಗುವಷ್ಟು ನಕ್ಕಳು.

ಮತ್ತೆ ಕೂಗು ಬಂತು. ಅರ್ಮೀದಾ ಬಾಯಿಗೆ ಕೈಯಡ್ಡ ಹಿಡಿದು, "ಓ, ಬಾರೋ ಮುದುಕ, ಮೀನು ಆರಿಹೋಗ್ತಿದೆ," ಎಂದು ಕೂಗಿದಳು. ಇನ್ನೊಂದು ಸಲ ಬಂತು. ಇನ್ನೊಂದು ಸಲ ಓಗೊಟ್ಟಳು. ಬಾಚೀಚ ಕೊಯ್ಲು ಮುಗಿದ ದಿನ ತುದಿಯಲ್ಲಿ ಒಬ್ಬನೇ ಕೂತು, ಬಾಟಲಿಯಲ್ಲಿ ಉಳಿದದ್ದನ್ನು ಕುಡಿದು, ನಿಧಾನವಾಗಿ ಇಳಿಯುವವನು. ಯಾರೂ ಕಾಯಲಿಲ್ಲ. ಉಣ್ಣಲು ಕೂತರು.

ಲೊರೆದಾನಾ ತಟ್ಟೆ ಮುಟ್ಟಲಿಲ್ಲ. "ಅಮ್ಮಾ, ಅಪ್ಪ ಇಳಿದು ಬಂದ ತಕ್ಷಣ ಹೇಳ್ಬಿಡು. ಇವತ್ತು ಖುಷಿಯಲ್ಲಿರ್ತಾನೆ."

"ಮೆಲ್ಲಗೆ ಮಾತಾಡೇ. ನವೆಂಬರಲ್ಲಿ ರಸ ಹಿಂಡಿದ ಮೇಲೆ ಹೇಳ್ತೀನಿ."

"ಸೋಮವಾರ ಅವನು ಬಂಡಿ ಒಯ್ಯೋಕೆ ಬಂದು ನಿಂತ್ರೆ? ಆಗೇನು ಹೇಳ್ತೀಯ?"

"ರಿಪೇರಿಗೆ ಹೋಗ್ತಿದೆ ಅಂತೀನಿ."

"ನಲವತ್ತೈದು ವರ್ಷ ಜೊತೆಗಿರೋ ಗಂಡನಿಗೆ ಸುಳ್ಳು ಹೇಳ್ತೀಯ? ನಿಂಗೆ ಹೇಳೋಕಾಗ್ದಿದ್ರೆ ನಾನೇ ಹೇಳ್ತೀನಿ."

ಅಷ್ಟೇ ಸಾಕಾಯಿತು. ಸಿಟ್ಟು ಬಂದರೆ ಅರ್ಮೀದಾಳ ದನಿ ಅವಳ ಹಿಡಿತದಲ್ಲಿರುವುದಿಲ್ಲ. ಎದ್ದು ನಿಂತು, ಮೇಜು ಅಲುಗುವ ಹಾಗೆ ಕೈಯೂರಿದಳು.

"ಹೇಳು ಹೋಗು. ಸೋಮವಾರ ಬಂಡಿ ಹೋಗತ್ತೆ, ಮಾರಿದ್ದು ನಾನು, ನನ್ನಪ್ಪನ ಗುಡ್ಡ, ನನ್ನಿಷ್ಟ ಅಂತ ಹೇಳು. ನನ್ನಮ್ಮನ ಕುತ್ತಿಗೆ ತಿಂತು ಅದು, ನನ್ ತಲೆಗೂದಲು ತಿಂತು, ಈಗ ಅವನ ಎದೆ ತಿಂತಿದೆ. ನಂಗೆ ಸಾಕಾಗಿದೆ. ಅವನಿಗೆ ಅದೇ ಬೇಕು ಅಂದ್ರೆ ಅಲ್ಲೇ ಬಿದ್ದಿರ್ಲಿ, ನಾನಂತೂ ಕರೆಯೋಕೆ ಹೋಗಲ್ಲ."

ತಿಲ್ದೆ ಅವಳ ತೋಳು ಹಿಡಿದು ಕೂರಿಸಿದಳು, ಬೆರಳನ್ನು ಮೇಲಕ್ಕೆ ತೋರಿಸಿದಳು. ಅರ್ಮೀದಾ ನಾಲಿಗೆ ಕಚ್ಚಿಕೊಂಡಳು. ಮೂವರೂ ಕಿವಿಗೊಟ್ಟರು. ಮೇಲಿನಿಂದ ಏನೂ ಕೇಳಲಿಲ್ಲ. ಆಚೆ ಬದಿಯ ದಾರಿಯಲ್ಲಿ ಇಳಿಯುತ್ತಿರಬೇಕು, ಅಲ್ಲಿಗೆ ಕೇಳುವುದಿಲ್ಲ ಬಿಡು ಎಂದುಕೊಂಡರು. ಉಂಡರು. ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರು. ಗೊಂಚಲುಗಳನ್ನು ಒಂದೊಂದಾಗಿ ಬಲೆಯ ಚೌಕಟ್ಟುಗಳ ಮೇಲೆ ಹರವಿದರು. ಆಮೇಲೆ ಮತ್ತೆ ಕೂಗು ಬರಲೇ ಇಲ್ಲ. ಬಾರದಿದ್ದುದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತಿದಾಗ ಅರ್ಮೀದಾ ತಾನೇ ಎದ್ದಳು. "ಮುನಿಸಿಕೊಂಡು ಕೂತಿದಾನೇನೋ, ನೋಡ್ಕೊಂಡ್ ಬರ್ತೀನಿ," ಎಂದಳು. ಮಂಡಿ ನೋವಿನಲ್ಲೇ ಮೆಟ್ಟಿಲು ಹತ್ತಿದಳು, ಹಿಂದೆ ಮಗಳು. ತುದಿಯವರೆಗೆ ಹೋಗಬೇಕಾಗಲಿಲ್ಲ. ಗುಡ್ಡದ ನಡುಮಧ್ಯದಲ್ಲಿ ಒಂದು ಗೋಡೆಯ ಹಲ್ಲು ಕಿತ್ತಂತೆ ಕಲ್ಲುಗಳು ಜಾರಿದ್ದವು. ಕೆಳಗಿನ ಪಟ್ಟಿಯಲ್ಲಿ, ತಗ್ಗಾದ ಬಳ್ಳಿಚಪ್ಪರದ ಅಡಿ, ಬಾಚೀಚ ಅಂಗಾತ ಬಿದ್ದಿದ್ದ. ಒಂದು ಕಾಲು ಸೊಂಟದಿಂದಲೇ ಹೊರಳಿತ್ತು. ಹಣೆಯ ರಕ್ತ ಒಣಗಿ ಕಪ್ಪಾಗಿತ್ತು. ಕಣ್ಣು ತೆರೆದೇ ಇತ್ತು.

ಅರ್ಮೀದಾ ಕಿರುಚಬೇಕೆಂದು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಸತ್ತಿದ್ದಾನೆಂದು ಮಂಡಿಯೂರಿದಳು. ಆಗ ಅವನು ರೆಪ್ಪೆ ಬಡಿದ. ಅವಳನ್ನು ನೋಡಿದ, ಮತ್ತೆ ಬಳ್ಳಿಯ ಕಡೆ ಮುಖ ತಿರುಗಿಸಿದ. ಅಲ್ಲಿಂದ ನೋಡಿದರೆ ಅಂಗಳದ ಮೇಜು, ಮೇಜಿನ ಮೇಲಿನ ಲೋಟ, ಲೋಟ ತೊಳೆಯುತ್ತಿದ್ದ ತಿಲ್ದೆ ಎಲ್ಲ ಕಾಣುತ್ತಿತ್ತು. ಲೊರೆದಾನಾ ಫೋನಿನಲ್ಲಿ ಯಾರಿಗೋ ಅಳುತ್ತ ಹೇಳುತ್ತಿದ್ದಾಗ, ಕೆಳಗೆ ತಿಲ್ದೆ ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುತ್ತಿದ್ದ ಹಾಡು ಅರ್ಮೀದಾಳ ಕಿವಿಗೆ ಪದ ಪದವೂ ಕೇಳಿಸಿತು.

ಚಪ್ಪಲಿ ಹಾಕಿಕೊಂಡು ಗುಡ್ಡ ಹತ್ತಿ ಜಾರುವ ಪ್ರವಾಸಿಗರನ್ನು ಎತ್ತಲು ಬರುವ ಹೆಲಿಕಾಪ್ಟರ್ ಈ ಸಲ ನಮ್ಮವನೊಬ್ಬನಿಗಾಗಿ ಬಂತು. ಹಗ್ಗದಲ್ಲಿ ಕಟ್ಟಿ ಮೇಲೆತ್ತಿದರು. ಊರೆಲ್ಲ ಗಲ್ಲಿಯಲ್ಲಿ ನಿಂತು ಬಾಯಿಯ ಮೇಲೆ ಕೈಯಿಟ್ಟು ನೋಡಿತು. ಲಾ ಸ್ಪೆಜಿಯಾದ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಕಬ್ಬಿಣ ಹಾಕಿದರು. ಬಹಳ ಹೊತ್ತು ಹಾಗೇ ಬಿದ್ದಿದ್ದರಿಂದ ರಕ್ತ ಹೋಗಿದೆ, ಎದೆಯೂ ಸೋತಿದೆ, ಏನೂ ಹೇಳಲಾಗದು ಎಂದರು. ದಾದಿಯೊಬ್ಬಳು ಹಾಸಿಗೆ ಸರಿಮಾಡುತ್ತ ಸುಮ್ಮನೆ ಕೇಳಿದಳು.

"ಪಾಪ, ಅಷ್ಟೊತ್ತು ಕೂಗಲೇ ಇಲ್ವೇನಮ್ಮ ಇವ್ರು?"

"ಕೂಗಿದ," ಎಂದಳು ಅರ್ಮೀದಾ. "ನಾವು ಓ ಅಂದ್ವಿ."

ದಾದಿಗೆ ಅರ್ಥವಾಗಲಿಲ್ಲ. ಅರ್ಮೀದಾ ಬಿಡಿಸಿ ಹೇಳಲೂ ಇಲ್ಲ.

ಅವತ್ತಿನಿಂದ ಅವಳನ್ನು ಒಂದೇ ಪ್ರಶ್ನೆ ಕುಕ್ಕಿ ತಿನ್ನತೊಡಗಿತು: ಅವನಿಗೆ ಕೇಳಿಸಿತೋ ಇಲ್ಲವೋ. ಅವನು ಕಣ್ಣು ಬಿಡುತ್ತಿದ್ದ, ನೀರು ಕೇಳುತ್ತಿದ್ದ, ಮಗಳ ಕೈ ಹಿಡಿಯುತ್ತಿದ್ದ. ಅದಕ್ಕಿಂತ ಹೆಚ್ಚು ಮಾತಿಲ್ಲ. ಮೊದಲೂ ಮಾತು ಕಡಿಮೆಯವನೇ. ಈ ಮೌನ ಹಳೆಯದೋ ಹೊಸದೋ ಅವಳಿಗೆ ತಿಳಿಯುತ್ತಿರಲಿಲ್ಲ. ಕೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ರೈಲಿನಲ್ಲಿ ಮನೆಗೆ ಮರಳುವಾಗ ಪಕ್ಕ ಕೂತವರು ಮಾತಾಡಿಸಿದರೆ ಅವಳು ಉತ್ತರ ಕೊಡುತ್ತಿರಲಿಲ್ಲ. ಅರ್ಮೀದಾ ಉತ್ತರ ಕೊಡುವುದಿಲ್ಲವೆಂದರೆ ನಮ್ಮೂರಲ್ಲಿ ಅದು ಸಾವಿಗಿಂತ ದೊಡ್ಡ ಸುದ್ದಿ.

ತಿಲ್ದೆ ದಿನಾ ಬಂದು ಚೌಕಟ್ಟಿನ ಮೇಲಿನ ಗೊಂಚಲುಗಳನ್ನು ತಿರುವಿ, ಬೂಸು ಹಿಡಿದ ಹಣ್ಣನ್ನು ಕತ್ತರಿಸಿ ತೆಗೆಯುತ್ತಿದ್ದಳು. ಕೆಲಸ ಮಾಡುತ್ತಲೇ ಸಮಾಧಾನ ಹೇಳುತ್ತಿದ್ದಳು.

"ಕೇಳಿಸಿರಲ್ಲ ಕಣೆ. ತಲೆಗೆ ಪೆಟ್ಟು ಬಿದ್ದಿತ್ತಲ್ಲ, ಮೂರು ಸಲ ಕೂಗಿ ಎಚ್ಚರ ತಪ್ಪಿರತ್ತೆ. ಅದಕ್ಕೇ ಆಮೇಲೆ ಕೂಗು ಬರ್ಲಿಲ್ಲ. ನೀನೇ ಯೋಚ್ನೆ ಮಾಡು, ಎಚ್ಚರ ಇದ್ದಿದ್ರೆ ಯಾರಾದ್ರೂ ಕೂಗ್ದೆ ಇರ್ತಾರಾ?"

ಅದು ಸರಿಯೆನಿಸಿತು. ಬದುಕಬೇಕೆನ್ನುವವನು ಕೂಗದೆ ಇರುತ್ತಾನೆಯೆ? ಅರ್ಮೀದಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಚ್ಚರ ತಪ್ಪಿತ್ತು, ಕೇಳಿಸಿಲ್ಲ, ಕೇಳಿಸಿಲ್ಲ ಎಂದು ಪಾತ್ರೆ ಉಜ್ಜುವಾಗಲೂ ಹೇಳಿಕೊಂಡಳು. ಬಂಡಿಯವನು ಸೋಮವಾರ ಬಂದಾಗ ಬಾಗಿಲಲ್ಲೇ ತಡೆದು ವಾಪಸು ಕಳಿಸಿದಳು. ಮಾತು ಕೊಟ್ಟಿದ್ದಿರಲ್ಲ ಎಂದು ಅವನು ತಕರಾರು ತೆಗೆದ. ಅವಳು ಬಂಡಿಯ ಮುಂದೆ ಹೋಗಿ ನಿಂತು ಅವನ ಮುಖ ನೋಡಿದಳು. ಅವನು ಬಂದ ದಾರಿ ಹಿಡಿದ.

ಅಕ್ಟೋಬರಿನಲ್ಲಿ ಬಾಚೀಚ ಚೇತರಿಸಿಕೊಂಡ. ದಿಂಬಿಗೊರಗಿ ಕೂರುವಷ್ಟಾದ. ಗಂಡಾಂತರ ಕಳೆಯಿತು, ಆದರೆ ಕೋಲಿಲ್ಲದೆ ನಡೆಯುವುದು ಕಷ್ಟ ಎಂದರು ವೈದ್ಯರು. ಅಷ್ಟು ಕೇಳಿಯೇ ಅರ್ಮೀದಾಳಿಗೆ ಹೋದ ಜೀವ ಬಂದಂತಾಯಿತು. ಅಂದು ಮನೆಯಿಂದ ತರಕಾರಿ ಗಂಜಿ ಮಾಡಿ ಡಬ್ಬಿಯಲ್ಲಿ ತಂದಿದ್ದಳು. ಟವೆಲನ್ನು ಅವನ ಎದೆಗೆ ಹರವಿ, ಚಮಚ ಹಿಡಿದು, ಎಷ್ಟೋ ದಿನಗಳ ಮೇಲೆ ತನ್ನ ಹಳೆಯ ದನಿಯಲ್ಲಿ ಮಾತಿಗೆ ತೊಡಗಿದಳು.

"ಬೇಗ ಎದ್ದೇಳಪ್ಪಾ ಸಾಕು, ಮಲಗಿ ಮಲಗಿ ರಾಜನ ಹಾಗೆ ಆಗಿದೀಯ. ತುದಿ ಗೋಡೆಗೆ ಕಲ್ಲು ತರಿಸ್ತೀನಿ. ನೀನು ಕೆಳಗೆ ಕುರ್ಚಿ ಹಾಕ್ಕೊಂಡು ಕೂತು ಹೇಳು, ಆಳು ಹಿಡಿದು ಕಟ್ಟಿಸೋಣ. ಬಂಡಿಗೂ ಎಣ್ಣೆ ಹಾಕಿಸಿದೀನಿ. ಬರೋ ವರ್ಷ..."

"ಸೋಮವಾರ ಬಂದು ಒಯ್ಲಿಲ್ವಾ ಅದನ್ನ?" ಎಂದ ಬಾಚೀಚ.

ಚಮಚ ಅಲ್ಲೇ ನಿಂತಿತು. ಪಕ್ಕದ ಹಾಸಿಗೆಯವನು ಕೆಮ್ಮಿದ. ಅರ್ಮೀದಾ ಅವನ ಮುಖದಲ್ಲಿ ಸಿಟ್ಟು ಹುಡುಕಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಎಚ್ಚರ... ನಿಂಗೆ ಎಚ್ಚರ ತಪ್ಪಿತ್ತು," ಎಂದಳು ಕೊನೆಗೆ.

"ಇಲ್ಲ. ಮೊದಲು ಕೂಗ್ದೆ. ನೀವು ಓ ಅಂದ್ರಿ. ಗಟ್ಟಿಯಾಗಿ ಕೂಗ್ಬೇಕು ಅಂತ ಉಸಿರು ಕೂಡಿಸ್ಕೊಂಡೆ." ಜೀವಮಾನದಲ್ಲಿ ಒಟ್ಟಿಗೆ ಅಷ್ಟು ಮಾತಾಡಿದ್ದು ಅವನಿಗೂ ದಣಿವೆನಿಸಿರಬೇಕು. "ಅಷ್ಟೊತ್ಗೆ ನಿನ್ ಮಾತು ಕೇಳಿಸ್ತು. ಆಮೇಲೆ ಕೂಗ್ಲಿಲ್ಲ."

ಅರ್ಮೀದಾ ನೋಡುತ್ತಲೇ ಇದ್ದಳು. ಚಮಚ ವಾಲಿ ಗಂಜಿ ಟವೆಲಿನ ಮೇಲೆ ಚೆಲ್ಲಿತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಬಾಯಿ ತೆರೆದ. ಅವಳು ಉಣಿಸಿದಳು.